ಮಾಸ್ಕಿನ ಗಾಜಿಗೆ ಇಟ್ಟ ಕುಂಕುಮ

ಮೇಘನಾ, ಹೋದ ಭಾನುವಾರ ನೀನು ಹೊಸ ಕೆಲಸದವರು ಕೊಟ್ಟ ಗ್ಯಾಸ್ ಮಾಸ್ಕ್ ತಂದು ನನ್ನ ಮುಂದೆ ಇಟ್ಟು, “ಅಜ್ಜೀ, ಮುಂದಿನ ವಾರದಿಂದ ಡ್ಯೂಟಿ. ನಿನ್ನ ಕೈಯಿಂದ ಇದಕ್ಕೊಂದು ಕುಂಕುಮ ಇಡು” ಎಂದೆ. ನಾನು ಎದ್ದು ಅಡುಗೆಮನೆಗೆ ಹೋದೆ. ಹಿಂದಿನಿಂದ ನೀನು, “ಗಂಡ ಇಲ್ಲದೋಳು ಇಡಬಾರದು ಅಂತಾನಾ? ಈ ಕಾಲದಲ್ಲೂ ಅದೆಲ್ಲ ಏನಜ್ಜಿ!” ಎಂದು ರೇಗಿದೆ. ನಿನ್ನ ತಮ್ಮ ಮೊಬೈಲಿಂದ ತಲೆ ಎತ್ತದೆ, “ಬಿಡಕ್ಕಾ, ಅಜ್ಜಿ ಐಸ್ ಫ್ಯಾಕ್ಟರಿಯೋರು. ಕರಗೋಕೆ ಟೈಮ್ ತಗೋತಾರೆ” ಎಂದ. ನೀವಿಬ್ಬರೂ ನಕ್ಕಿರಿ. ನಾನು ಒಲೆಯ ಮೇಲಿದ್ದ ಹಾಲನ್ನೇ ನೋಡುತ್ತ ನಿಂತಿದ್ದೆ.

ನನಗೆ ಎದುರಿಗೆ ನಿಂತು ಹೇಳಲು ಬರುವುದಿಲ್ಲ. ಚಿಕ್ಕಂದಿನಿಂದಲೂ ಬರುವುದಿಲ್ಲ. ಕನಕಪುರದ ಕಡೆಯ ಹಳ್ಳಿಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ. ಬರೆಯಲು ಮಾತ್ರ ಬರುತ್ತದೆ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಆದ್ದರಿಂದ ಬರೆಯುತ್ತಿದ್ದೇನೆ. ಕುಂಕುಮ ಇಡದಿದ್ದಕ್ಕೆ ಕಾರಣ ನೀನು ಅಂದುಕೊಂಡದ್ದಲ್ಲ. ಹಿಂದೊಮ್ಮೆ ನಾನು ಇಟ್ಟ ಕುಂಕುಮದಿಂದ ಒಬ್ಬ ಒಳ್ಳೆಯ ಮನುಷ್ಯನ ಕಣ್ಣು ಹೋಯಿತು. ಕಣ್ಣಿನ ಜೊತೆಗೆ ಹೆಸರೂ ಹೋಯಿತು. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

ನೀನು ಬೊಮ್ಮನಹಳ್ಳಿಯ ಕೋಲ್ಡ್ ಸ್ಟೋರೇಜಿನಲ್ಲಿ ಸೇಫ್ಟಿ ಕೆಲಸಕ್ಕೆ ಸೇರುತ್ತಿದ್ದೀಯ. ಅಲ್ಲಿ ತಂಪು ಮಾಡುವುದು ಅಮೋನಿಯಾ. ನನ್ನ ಇಪ್ಪತ್ತಾರು ವರ್ಷದ ಕೆಲಸವೂ ಅದೇ ಗ್ಯಾಸಿನ ಜೊತೆ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ನಮ್ಮ ಫ್ಯಾಕ್ಟರಿ ಇದ್ದದ್ದು ಸುದ್ದಗುಂಟೆಪಾಳ್ಯದ ಹಿಂದಿನ ಒಂದು ಓಣಿಯಲ್ಲಿ. ಈಗ ಅಲ್ಲಿ ಪಿ.ಜಿ. ಕಟ್ಟಡ ಎದ್ದಿದೆ. ಯಜಮಾನರದ್ದು ಅದೇ ಊರಿನ ಹಳೆಯ ಕುಟುಂಬ. ಅವರ ಅಪ್ಪನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಇವರು ಐಸ್ ಬೆಳೆದರು. ನಿನ್ನ ತಾತ ಅಲ್ಲಿ ಲೋಡಿಂಗ್ ಕೆಲಸದಲ್ಲಿದ್ದರು. ಕಾಮಾಲೆ ಬಂದು ತೀರಿಕೊಂಡಾಗ ನಿನ್ನ ಅಮ್ಮ ಶೋಭಾಗೆ ಐದು ವರ್ಷ. ಹನ್ನೆರಡನೇ ದಿನ ಕಳೆದ ಮೇಲೆ ಯಜಮಾನರು ಹೇಳಿಕಳಿಸಿ ನನ್ನನ್ನು ಕೆಲಸಕ್ಕೆ ಹಾಕಿಕೊಂಡರು. ಮೊದಲು ಐಸ್ ಮುಚ್ಚುವ ಗೋಣಿ ಹೊಲಿಯುವ ಕೆಲಸ. ಆಮೇಲೆ ನನ್ನ ದುಂಡಕ್ಷರ ಕಂಡು ಮಿಷನ್ ರೂಮಿನಲ್ಲಿ ಗಂಟೆಗೊಮ್ಮೆ ಪ್ರೆಷರ್, ಟೆಂಪರೇಚರ್ ಬರೆದಿಡುವ ಕೆಲಸ.

ಮೊದಲ ದಿನ ಆ ರೂಮಿಗೆ ಕಾಲಿಟ್ಟಾಗ ದನದ ಕೊಟ್ಟಿಗೆಯ ಗಂಜಲದ ವಾಸನೆ ಬಂತು. ನನಗೆ ಊರಿನ ನೆನಪಾಗಿ ಹಾಯೆನಿಸಿತು. ಹಾಗೆಂದು ಹೇಳಿದ್ದಕ್ಕೆ ಆಪರೇಟರ್ ದೊರೆಸ್ವಾಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. “ತಾಯಮ್ಮಾ, ಈ ಹಸು ಒದ್ದರೆ ಎದ್ದೇಳೋ ಹಂಗಿಲ್ಲ, ತಿಳ್ಕೋ!” ಎಂದರು.

ಅವರ ಬಗ್ಗೆ ಸ್ವಲ್ಪ ಹೇಳಬೇಕು. ಅವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮನೆಮಾತು ತಮಿಳು, ಬೈಗುಳ ಕನ್ನಡ. ಮಿಷನ್ನಿನ ಸದ್ದು ಒಂದಿಷ್ಟು ಬದಲಾದರೂ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ಗಂಡಸರೇ ತುಂಬಿದ್ದ ಆ ಜಾಗದಲ್ಲಿ ನನ್ನನ್ನು ಏಕವಚನದಲ್ಲಿ ಕರೆದರೂ ಮನೆಯ ಹೆಣ್ಣುಮಗಳ ಹಾಗೆ ನೋಡಿಕೊಂಡವರು ಅವರೊಬ್ಬರೇ. ಆಗ ಸೆನ್ಸರ್ ಗಿನ್ಸರ್ ಇರಲಿಲ್ಲ. ಗಂಧಕ ಮೆತ್ತಿದ ಬತ್ತಿ ಹಚ್ಚಿ ಪೈಪಿನ ಜಾಯಿಂಟುಗಳ ಹತ್ತಿರ ಹಿಡಿಯುತ್ತಿದ್ದರು. ಗ್ಯಾಸ್ ಸೋರುತ್ತಿದ್ದರೆ ಅಲ್ಲಿ ಬೆಳ್ಳಗೆ ಹೊಗೆ ಏಳುತ್ತದೆ. ದೀಪಾವಳಿಯ ಸುರುಸುರುಬತ್ತಿ ಹಿಡಿದ ಮಗುವಿನ ಹಾಗೆ ಅವರು ಪೈಪುಗಳ ಮಧ್ಯೆ ಓಡಾಡುತ್ತಿದ್ದರೆ ನಾನು ಹಿಂದೆ ಪುಸ್ತಕ ಹಿಡಿದು ಗುರುತು ಹಾಕಿಕೊಳ್ಳುತ್ತಿದ್ದೆ.

ನನ್ನ ಮೊದಲ ದೊಡ್ಡ ತಪ್ಪು ಸೇರಿದ ವರ್ಷವೇ ಆಯಿತು. ಒಂದು ದಿನ ವಾಲ್ವಿನ ಕೆಳಗೆ ನೆಲದ ಮೇಲೆ ಸ್ವಲ್ಪ ದ್ರವ ಚೆಲ್ಲಿ ಹೊಗೆಯಾಡುತ್ತಿತ್ತು. ಚೆಲ್ಲಿದ್ದನ್ನು ತೊಳೆಯಬೇಕು ಎನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಒಂದು ಬಕೆಟ್ ನೀರು ಅದರ ಮೇಲೆ ಸುರಿದುಬಿಟ್ಟೆ. ಬಿಸಿ ಎಣ್ಣೆಗೆ ನೀರು ಬಿದ್ದ ಹಾಗೆ ಬುಸ್ಸೆಂದು ಎದ್ದು ರೂಮೆಲ್ಲ ಬಿಳಿಯಾಯಿತು. ಉಸಿರು ಎಳೆದುಕೊಂಡರೆ ಒಳಗೆ ಹೋಗದು. ಎದೆಯ ಬಾಗಿಲನ್ನೇ ಯಾರೋ ಮುಚ್ಚಿದ ಹಾಗೆ. ದೊರೆಸ್ವಾಮಣ್ಣ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಮುಖ ಒಡ್ಡಿಸಿದರು. ಬೆವರಿದ್ದ ಕಂಕುಳು, ಸೀರೆ ಬಿಗಿದ ಸೊಂಟ, ಎಲ್ಲೆಲ್ಲಿ ಒದ್ದೆಯಿತ್ತೋ ಅಲ್ಲೆಲ್ಲ ಸುಟ್ಟಿತ್ತು. ಈ ಗ್ಯಾಸು ಮೈಯಲ್ಲಿ ತೇವ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುತ್ತದೆ. ಕಣ್ಣಿಗಿಂತ ತೇವದ ಜಾಗ ಮೈಯಲ್ಲಿ ಯಾವುದಿದೆ?

ಲೋಡಿಂಗಿನವನೊಬ್ಬ ಹರಳೆಣ್ಣೆ ತಂದು ಕಣ್ಣಿಗೆ ಬಿಡಿ ಎಂದ. ದೊರೆಸ್ವಾಮಣ್ಣ, “ಅವಳ ಕಣ್ಣಲ್ಲಿ ಬೋಂಡ ಕರೀತೀಯೇನೋ? ನೀರು, ನೀರು, ಬರೀ ನೀರು!” ಎಂದು ಅವನನ್ನು ಅಟ್ಟಿದರು. ಕಾಲು ಗಂಟೆಗೂ ಹೆಚ್ಚು ಹೊತ್ತು ನಲ್ಲಿಯ ಕೆಳಗೆ ಕೂರಿಸಿದರು. ಆಮೇಲೆ ಹೇಳಿದರು: “ಹೊಗೆಗೆ ನೀರು ಹೊಡೀಬೇಕು, ಮಳೆ ಥರ. ಕೆಳಗೆ ಚೆಲ್ಲಿರೋ ಗ್ಯಾಸಿಗೆ ನೀರು ಹಾಕಬಾರದು. ಇಷ್ಟು ಗೊತ್ತಿದ್ರೆ ಇಲ್ಲಿ ಬದುಕ್ತೀಯ.” ನಿನ್ನ ಇಂಗ್ಲಿಷ್ ಪುಸ್ತಕದಲ್ಲೂ ಇದೇ ಇದೆ ಎಂದು ಮೊನ್ನೆ ನೀನು ಓದಿ ಹೇಳಿದಾಗ ನನಗೆ ಅವರ ದನಿಯೇ ಕೇಳಿಸಿತು.

ಹೀಗೆ ಏಳು ವರ್ಷ ಕಳೆಯಿತು. ಯಜಮಾನರು ಎಲ್ಲಿಂದಲೋ ಒಂದು ಗ್ಯಾಸ್ ಮಾಸ್ಕ್ ತರಿಸಿದರು. ಮುಖಪೂರ್ತಿ ಮುಚ್ಚುವಂಥದ್ದು, ಮುಂದೆ ಅಗಲವಾದ ಗಾಜು, ಗಲ್ಲದ ಕೆಳಗೆ ಗಾಳಿ ಸೋಸುವ ಒಂದು ಡಬ್ಬಿ. ಇಡೀ ಫ್ಯಾಕ್ಟರಿಗೆ ಅದೊಂದೇ. ಮಿಷನ್ ರೂಮಿನ ಬಾಗಿಲ ಹೊರಗೆ ಮೊಳೆಗೆ ನೇತುಹಾಕಿದ್ದರು.

ಆ ವರ್ಷದ ಆಯುಧಪೂಜೆ. ನಮ್ಮಲ್ಲಿ ಆ ದಿನ ಬಿಟ್ಟರೆ ಮಿಷನ್ ನಿಲ್ಲುತ್ತಿರಲಿಲ್ಲ. ಎರಡು ದಿನ ಮೊದಲಿಂದ ಪೈಪು, ಚಕ್ರ, ವಾಲ್ವುಗಳಿಗೆಲ್ಲ ಬಣ್ಣ ಹೊಡೆದಿದ್ದರು. ಬಾಗಿಲಿಗೆ ಬಾಳೆಕಂಬ, ಸೂರಿನ ಉದ್ದಕ್ಕೂ ಬಣ್ಣದ ಕಾಗದದ ತೋರಣ. ಸ್ಪ್ಯಾನರು, ಸುತ್ತಿಗೆ, ವಾಲ್ವ್ ತಿರುಗಿಸುವ ಕೀಲಿ, ಆ ಮಾಸ್ಕು, ಎಲ್ಲವನ್ನೂ ತೊಳೆದು ಬಾಗಿಲ ಬಳಿ ಮಣೆಯ ಮೇಲೆ ಜೋಡಿಸಿದ್ದೆವು. ಅರಿಶಿನ ಕುಂಕುಮ ಇಡಲು ಯಜಮಾನರ ತಾಯಿ ದೊಡ್ಡಮ್ಮ ಬರಬೇಕಿತ್ತು. ಅವರು ಬಂದು ಕುರ್ಚಿಯಲ್ಲಿ ಕೂತು, ಮಂಡಿನೋವು, ಬಗ್ಗಲು ಆಗದು ಎಂದರು. “ಯಾರಾದ್ರೂ ಮುತ್ತೈದೇರನ್ನ ಕರೀರೋ” ಎಂದರು. ನಾನು ಬಾಗಿಲಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದೆ. ಪೂಜೆಯ ಹೊತ್ತಿಗೆ ನಾನು ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದೆ.

ದೊರೆಸ್ವಾಮಣ್ಣ, “ಈ ಮಿಷನ್ನಿಗೆ ದಿನಾ ಎಣ್ಣೆ ಹಾಕೋಳು, ಒರೆಸೋಳು ತಾಯಮ್ಮ. ಅವಳೇ ಇಡ್ಲಿ” ಎಂದರು.

“ಏನ್ ಮಾತು ಅಂತ ಆಡ್ತೀಯ ದೊರೆಸ್ವಾಮಿ?” ಎಂದರು ದೊಡ್ಡಮ್ಮ.

“ದಿನಾ ಮುಟ್ಟಿದ್ರೆ ಮೈಲಿಗೆ ಇಲ್ಲ, ಹಬ್ಬದ ದಿನ ಮೈಲಿಗೆನಾ ದೊಡ್ಡಮ್ಮ? ಅವಳು ಇಡದಿದ್ರೆ ನಾನು ನಾಳೆ ಮಿಷನ್ ಸ್ಟಾರ್ಟ್ ಮಾಡಲ್ಲ.”

ಯಜಮಾನರು ತಾಯಿಯ ಮುಖ ನೋಡಿದರು, ಗಡಿಯಾರ ನೋಡಿದರು, ಕೊನೆಗೆ, “ಇಡಮ್ಮ, ಬೇಗ” ಎಂದರು. ದೊಡ್ಡಮ್ಮ ಎದ್ದು ಹೋದರು.

ನಾನು ಕುಂಕುಮದ ಬಟ್ಟಲು ಮುಟ್ಟಿ ಏಳು ವರ್ಷವಾಗಿತ್ತು. ಅರಿಶಿನ ಕುಂಕುಮ ಎರಡನ್ನೂ ನೀರಲ್ಲಿ ಗಟ್ಟಿಯಾಗಿ ಕಲಸಿದೆ. ಮಿಷನ್ನಿಗೆ ಇಟ್ಟೆ, ಗೇಜಿಗೆ ಇಟ್ಟೆ, ಸುತ್ತಿಗೆಗೆ, ಕೀಲಿಗೆ ಇಟ್ಟೆ. ಇಡುವ ಕೈ ನಿಲ್ಲಲೇ ಇಲ್ಲ. ಕೊನೆಗೆ ಆ ಮಾಸ್ಕು. ಅದು ಮಣೆಯ ಮೇಲೆ ದೇವರ ಮುಖವಾಡದ ಹಾಗೆಯೇ ಕೂತಿತ್ತು. ಅದಕ್ಕೆ ಹಣೆ ಎಂದರೆ ಗಾಜೇ. ಗಾಜಿನ ಅಗಲಕ್ಕೂ ಅರಿಶಿನ ಬಳಿದು, ಅದರ ಮೇಲೆ ಮೂರು ಬೆರಳಲ್ಲಿ ಕುಂಕುಮ ಎಳೆದೆ. ಚೆನ್ನಾಗಿ ಕಂಡಿತು. ಇನ್ನೊಂದು ಸಲ ಎಳೆದೆ.

ಮಂಗಳಾರತಿ ಆಯಿತು. ಕುಂಬಳಕಾಯಿ ಒಡೆದರು. ನಿನ್ನ ಅಮ್ಮನೂ ಬೇರೆ ಮಕ್ಕಳೂ ಅಂಗಳದಲ್ಲಿ ಕಡ್ಲೆಪುರಿ ತಿನ್ನುತ್ತಿದ್ದರು. ಅಷ್ಟರಲ್ಲಿ ಒಳಗೆ ಗಾಜು ಒಡೆದ ಸದ್ದು, ಹಿಂದೆಯೇ ಕುಕ್ಕರ್ ಸೀಟಿಯ ಹಾಗೆ ನಿಲ್ಲದ ಸದ್ದು.

ಗ್ಯಾಸಿನ ಡ್ರಮ್ಮಿನ ಪಕ್ಕದಲ್ಲಿ, ಒಳಗೆ ಎಷ್ಟು ದ್ರವ ಇದೆ ಎಂದು ತೋರಿಸುವ ಒಂದು ಗಾಜಿನ ಕೊಳವೆ ಇರುತ್ತದೆ. ಲೋಡಿಂಗಿನವರು ಉಳಿದ ಒಂದು ಬಾಳೆಕಂಬವನ್ನು ಅದರ ಕಂಬಿಗೇ ಕಟ್ಟಿದ್ದರು. ಕಂಬ ಜಾರಿ ಕೊಳವೆಯ ಮೇಲೆ ಬಿದ್ದಿತ್ತು. ಕೊಳವೆಯ ಮೇಲೊಂದು ಕೆಳಗೊಂದು ಚಿಕ್ಕ ವಾಲ್ವು ಇವೆ. ಎರಡನ್ನೂ ಮುಚ್ಚಿದರೆ ಸೋರುವುದು ನಿಲ್ಲುತ್ತದೆ. ಮುಚ್ಚಲು ಯಾರಾದರೂ ಒಳಗೆ ಹೋಗಬೇಕು.

ಬಿಳಿ ಹೊಗೆ ಬಾಗಿಲಿನಿಂದ ಹೊರಗೆ ಬರತೊಡಗಿತು. ದೊರೆಸ್ವಾಮಣ್ಣ ಮಣೆಯ ಹತ್ತಿರ ಓಡಿದರು. ಯಾರೋ, “ಅಣ್ಣ, ಪೂಜೆಗಿಟ್ಟಿದ್ದು, ನಾಳೆವರೆಗೂ ಎತ್ತಬಾರ್ದು” ಎಂದ. “ನಾಳೆ ನಿನ್ನ ಹೆಣ ಎತ್ತಬೇಕಾಗುತ್ತೆ!” ಎಂದು ಹೂವಿನ ಸಮೇತ ಮಾಸ್ಕನ್ನೂ ಕೀಲಿಯನ್ನೂ ಎಳೆದುಕೊಂಡರು. ಮಾಸ್ಕನ್ನು ಮುಖಕ್ಕೆ ಏರಿಸುತ್ತಾ ನನಗೆ, “ತಾಯಮ್ಮಾ, ಮಕ್ಕಳು! ಆಮೇಲೆ ಪೈಪು!” ಎಂದರು.

ಗಾಳಿ ಎತ್ತ ಬೀಸುತ್ತಿದೆ? ತೋರಣದ ಕಾಗದಗಳು ಗೇಟಿನ ಕಡೆ ಪಟಪಟ ಎನ್ನುತ್ತಿದ್ದವು. ಮಕ್ಕಳು ಓಡುತ್ತಿದ್ದದ್ದೂ ಗೇಟಿನ ಕಡೆಗೇ. ಹೊಗೆಯೂ ಅತ್ತಲೇ. ನಾನು ಜನ್ಮದಲ್ಲಿ ಮೊದಲ ಸಲ ಗಂಡಸರ ಎದುರಿಗೆ ಕಿರುಚಿದೆ. “ಹಿಂದಕ್ಕೆ! ಹಿತ್ತಲ ಕಡೆಗೆ! ಗಾಳಿಗೆ ಎದುರಾಗಿ ಬನ್ರೋ!” ನಿನ್ನ ಅಮ್ಮ ನನ್ನ ದನಿ ಕೇಳಿ ಹೆದರಿ ನಿಂತುಬಿಟ್ಟಳು. ಅವಳ ಜಡೆ ಹಿಡಿದು ಎಳೆದೆ. ಉಳಿದವರು ಹಿಂದೆ ಬಂದರು. ಎಲ್ಲರನ್ನೂ ಹಿತ್ತಲ ಗೋಡೆಯಾಚೆ ದಾಟಿಸಿ ಓಡಿ ಬಂದು, ಐಸಿಗೆ ನೀರು ತುಂಬುವ ಪೈಪು ಹಿಡಿದು, ಅದರ ಬಾಯಿಗೆ ಬೆರಳು ಒತ್ತಿ, ಬಾಗಿಲಿಗೆ ಅಡ್ಡ ಮಳೆಯ ಹಾಗೆ ನೀರು ಹೊಡೆಯುತ್ತ ನಿಂತೆ. ಹೊಗೆ ಕುಗ್ಗತೊಡಗಿತು. ಸರಿಯಾಗಿಯೇ ಮಾಡುತ್ತಿದ್ದೇನೆ ಅಂದುಕೊಂಡೆ.

ಒಳಗೆ ದೊರೆಸ್ವಾಮಣ್ಣ ಕಾಣುತ್ತಿದ್ದರು. ನಾನು ಪೈಪು ಹಿಡಿದು ಬರುವವರೆಗೆ ಮಾಸ್ಕಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದ ಅವರು ನನ್ನ ನೀರಿನಲ್ಲಿ ನೆನೆದೇ ಒಳಗೆ ನುಗ್ಗಿದ್ದರು. ಗಾಜಿನ ಮೇಲಿನ ಬಣ್ಣ ಒದ್ದೆಯಾಗಿ ಹರಡಿತ್ತು. ಮೇಘನಾ, ಅರಿಶಿನಕ್ಕೆ ಈ ಗ್ಯಾಸು ತಾಗಿದರೆ ಏನಾಗುತ್ತದೆ ಗೊತ್ತೇ? ಓಕುಳಿಯ ಹಾಗೆ ಕೆಂಪಾಗುತ್ತದೆ. ಇಡೀ ಗಾಜು ಕೆಂಪು. ಅವರು ಕೈಯಿಂದ ಒರೆಸಿದರು, ಇನ್ನಷ್ಟು ಹರಡಿತು. ಹೊಸ ಬಣ್ಣಕ್ಕೆ ವಾಲ್ವು ಕಚ್ಚಿಕೊಂಡಿತ್ತು. ಕೀಲಿ ಕೂರಿಸಲು ಕಣ್ಣು ಬೇಕು. ಕುರುಡರ ಹಾಗೆ ತಡಕಿದರು. ಆಮೇಲೆ ಒಂದು ಕೈಯಿಂದ ಮಾಸ್ಕನ್ನು ಹಣೆಯ ಮೇಲಕ್ಕೆ ಎತ್ತಿದರು.

ಕೆಳಗಿನ ವಾಲ್ವು ಮುಚ್ಚಿತು. ಮೇಲಿನದೂ ಮುಚ್ಚಿತು. ಸೀಟಿಯ ಸದ್ದು ನಿಂತಿತು. ಅವರು ಹೊರಗೆ ಬಂದು ನನ್ನ ಕಾಲ ಬಳಿ ಬಿದ್ದರು. ಅದೇ ಪೈಪಿನಿಂದ ಅವರ ಕಣ್ಣಿಗೆ ನೀರು ಬಿಟ್ಟೆ. ಆಟೋದಲ್ಲೂ ಬಿಂದಿಗೆಯಿಂದ ಬಿಡುತ್ತಲೇ ಇದ್ದೆ. ಜಯನಗರದ ಆಸ್ಪತ್ರೆ ತಲುಪುವವರೆಗೆ ಅವರು ಆಡಿದ್ದು ಒಂದೇ ಮಾತು. “ಮಕ್ಕಳು?” “ಎಲ್ಲ ಇದ್ದಾರಣ್ಣ” ಎಂದೆ.

ಮೂರನೇ ದಿನ ಡಾಕ್ಟರು ಬ್ಯಾಂಡೇಜು ಬಿಚ್ಚಿ, ಅವರ ಬಲಗಣ್ಣು ಮುಚ್ಚಿ, ಮುಂದೆ ಕೈ ಹಿಡಿದು, “ಎಷ್ಟು ಬೆರಳು?” ಎಂದರು. ದೊರೆಸ್ವಾಮಣ್ಣ ಕತ್ತನ್ನು ಅತ್ತಿತ್ತ ಆಡಿಸಿ ಹುಡುಕಿದರು. ಡಾಕ್ಟರು ಮತ್ತೆ ಕೇಳಿದರು. “ನೀವೇ ಹೇಳಿಬಿಡಿ ಸಾರ್” ಎಂದರು. ಎಡಗಣ್ಣು ಹೋಗಿತ್ತು.

ಅವರು ಆಸ್ಪತ್ರೆಯಿಂದ ಬಂದ ಮೇಲೆ ವಿಚಾರಣೆಗೆ ಸರ್ಕಾರದ ಕಡೆಯಿಂದ ಒಬ್ಬ ಸಾಹೇಬರು ಬಂದರು. ಬಾಳೆಕಂಬ ಕಟ್ಟಿದ್ದು ಯಾರು ಎಂಬ ಮಾತು ಬಂದಾಗ ಹತ್ತು ಜನ ಹತ್ತು ಕಡೆ ನೋಡಿದರು. ಆಮೇಲೆ ಸಾಹೇಬರು ದೊರೆಸ್ವಾಮಣ್ಣನನ್ನು ಕೇಳಿದರು: “ಮಾಸ್ಕ್ ಇತ್ತಲ್ಲ, ಯಾಕ್ ತೆಗೆದ್ರಿ?”

ಮಾಸ್ಕು ಮೇಜಿನ ಮೇಲೆಯೇ ಇತ್ತು. ನೀರಲ್ಲಿ ತೊಳೆದು ಹೋಗಿ ಗಾಜು ಸ್ವಚ್ಛವಾಗಿತ್ತು. ನಾನು ಪುಸ್ತಕ ಹಿಡಿದು ಮೂಲೆಯಲ್ಲಿ ನಿಂತಿದ್ದೆ. ದೊಡ್ಡಮ್ಮ ಬಾಗಿಲಲ್ಲಿ ಕೂತಿದ್ದರು.

“ಸೆಕೆ ಆಯ್ತು ಸಾರ್. ತೆಗೆದೆ” ಎಂದರು ದೊರೆಸ್ವಾಮಣ್ಣ.

“ಸೆಕೆಗಾ?”

“ಹೂಂ ಸಾರ್.”

ಸಾಹೇಬರು ಬರೆದುಕೊಂಡರು. ಹೇಳಬೇಕು ಎಂದು ಒಂದು ಹೆಜ್ಜೆ ಮುಂದಿಟ್ಟೆ, ಮತ್ತೆ ಗೋಡೆಗೇ ಒರಗಿದೆ. ಹೇಳಿದರೆ ದೊಡ್ಡಮ್ಮ ಏನು ಅನ್ನುತ್ತಾರೆ ಎಂದು ಗೊತ್ತಿತ್ತು. ಮುಂಡೆ ಕೈಲಿ ಕುಂಕುಮ ಇಡಿಸಿದಿರಿ, ಅನುಭವಿಸಿ. ಓಣಿಯೆಲ್ಲ ಅದನ್ನೇ ಅನ್ನುತ್ತದೆ. ಕೆಲಸ ಹೋಗುತ್ತದೆ, ಐದಾರು ಮೈಲಿಯಲ್ಲಿ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಕೆಲವೇ ದಿನಗಳ ಹಿಂದೆ ಅಂಗಳದಲ್ಲಿ ಅಷ್ಟು ಕಿರುಚಿದವಳ ದನಿ ಎಲ್ಲಿ ಹೋಗಿತ್ತೋ ಎನ್ನುವ ಹಾಗೆ ನಾನು ನಿಂತಿದ್ದೆ. ಕಾಗದದಲ್ಲಿ ಬಂದದ್ದು ಹೀಗೆ: ಆಪರೇಟರನ ಅಜಾಗರೂಕತೆ. ಅವರನ್ನು ಗೇಟಿನ ವಾಚ್‌ಮನ್ ಮಾಡಿದರು. ಮಿಷನ್ ರೂಮಿನಲ್ಲಿ ಅವರ ಜಾಗಕ್ಕೆ ನನ್ನನ್ನು ಹಾಕಿದರು. ನನ್ನ ಬಡ್ತಿಯ ಕಥೆ ಇಷ್ಟೇ. ನಿನ್ನ ಅಮ್ಮ ಅದನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳುವಾಗ ನಾನು ಎದ್ದು ಹೋಗುವುದನ್ನು ನೀನು ನೋಡಿದ್ದೀಯ.

ಆಮೇಲಿನ ವರ್ಷಗಳಲ್ಲಿ ಬಹಳ ಬದಲಾಯಿತು. ಗಾಜಿನ ಕೊಳವೆ ಹೋಗಿ ಬೇರೆ ಬಂತು, ಸೆನ್ಸರ್ ಬಂತು, ಸೈರನ್ ಬಂತು. ಒಬ್ಬ ಎಳೆ ಎಂಜಿನಿಯರ್ ಬಂದು ಸೈರನ್ ಕೂಗಿದರೆ ಎಲ್ಲರೂ ಸೇರಬೇಕಾದ ಹಿತ್ತಲಿನಲ್ಲಿ ಹಸಿರು ಬೋರ್ಡು ನೆಟ್ಟ, ಇಂಗ್ಲಿಷಿನಲ್ಲಿ ದೊಡ್ಡ ಚಾರ್ಟ್ ಅಂಟಿಸಿದ. “ಸಾರ್, ಕನ್ನಡದಲ್ಲಿ ಬರೆಸಿ” ಎಂದು ಕೇಳಲು ನನಗೆ ಮೂರು ವಾರ ಬೇಕಾಯಿತು. ಮೊದಲ ಡ್ರಿಲ್‌ನಲ್ಲಿ ಸೈರನ್ ಕೂಗಿದ ಕೂಡಲೇ ಎಲ್ಲರೂ ಓಡಿದ್ದು ಗೇಟಿನ ಹತ್ತಿರಕ್ಕೆ, ಅಂದರೆ ಗಾಳಿ ಹೋಗುವ ಕಡೆಗೇ. ಏಕೆಂದರೆ ಟೀ ಮಾರುವವನು ನಿಲ್ಲುತ್ತಿದ್ದದ್ದು ಅಲ್ಲಿ. ಎಂಜಿನಿಯರ್ ತಲೆ ಚಚ್ಚಿಕೊಂಡ. ವಾಚ್‌ಮನ್ ಕುರ್ಚಿಯಿಂದ ದೊರೆಸ್ವಾಮಣ್ಣ, “ಸಾರ್, ಹಸಿರು ಬೋರ್ಡು ಬಿಟ್ಟಾಕಿ. ಟೀಯೋನನ್ನ ಹಿತ್ತಲಲ್ಲಿ ನಿಲ್ಲಿಸಿ” ಎಂದರು. ನಿಲ್ಲಿಸಿದರು. ಮುಂದಿನ ಡ್ರಿಲ್‌ನಲ್ಲಿ ಒಬ್ಬನೂ ತಪ್ಪಲಿಲ್ಲ. ಅವರ ಬುದ್ಧಿಗೆ ಎಂಜಿನಿಯರ್ ಬಹುಮಾನ ಪಡೆದ.

ಅವರು ಅಲ್ಲಿ ಕೂತಿದ್ದರು, ನಾನು ದಿನವೂ ಅವರ ಎದುರೇ ಹಾದು ಒಳಗೆ ಹೋಗುತ್ತಿದ್ದೆ. ಮಿಷನ್ನಿನ ಸದ್ದು ಬದಲಾದರೆ ಗೇಟಿನಿಂದಲೇ ಕೈಸನ್ನೆ ಮಾಡುತ್ತಿದ್ದರು. ಹಾಗೆ ಹನ್ನೊಂದು ವರ್ಷ. ನನಗೆ ಸುಸ್ತಾಗುತ್ತಿದ್ದದ್ದು ಮಿಷನ್ ಕೆಲಸಕ್ಕಲ್ಲ ಮಗಳೇ, ಆ ಗೇಟು ದಾಟುವುದಕ್ಕೆ.

ಅವರು ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದು ಒಂದು ದಿನ ಮನೆಗೆ ಹೋದೆ. ಮುಸಂಬಿ ಕೊಟ್ಟೆ. ಕೂತೆ. ಅವರೇ, “ಹೇಳೋಕೆ ಬಂದಿದ್ದೀಯ. ಹೇಳು” ಎಂದರು.

“ಅಣ್ಣ, ಗಾಜಿಗೆ ಕುಂಕುಮ...”

“ಗೊತ್ತಲ್ಲಮ್ಮ. ನೋಡಿದ್ದು ನಾನೇ ತಾನೆ, ಒಳಗಿಂದ.”

“ನಾನು ಅವತ್ತು ಬಾಯಿ ಬಿಡಬೇಕಿತ್ತು.”

“ಬಿಡಬೇಕಿತ್ತು” ಎಂದರು. ಸಮಾಧಾನ ಮಾಡಲಿಲ್ಲ. ಒಂಟಿಗಣ್ಣು ನನ್ನ ಕಡೆ ತಿರುಗಿಸಿ ಹೇಳಿದರು: “ಆದ್ರೆ ಆಪರೇಟರ್ ನಾನು. ಗಾಜಿಗೆ ಇಡಬೇಡ ಅನ್ನಬೇಕಾಗಿದ್ದೋನು ನಾನು. ಎದುರಿಗೇ ನಿಂತಿದ್ದೆ. ಆವಾಗ ನಾನು ನಿನ್ನ ಮುಖ ನೋಡ್ತಿದ್ದೆ ತಾಯಮ್ಮ, ಮಾಸ್ಕ್ ನೋಡ್ಲಿಲ್ಲ. ಏಳು ವರ್ಷದಲ್ಲಿ ನೀನು ನಕ್ಕಿದ್ದು ಅವತ್ತೇ.”

ಆ ತಿಂಗಳ ಕೊನೆಗೆ ಅವರು ಹೋದರು. ಆ ಕಾಗದದಲ್ಲಿ ಇವತ್ತಿಗೂ ‘ಅಜಾಗರೂಕತೆ’ ಎಂದೇ ಇದೆ. ಅದನ್ನು ತಿದ್ದುವ ಜಾಗ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಇಲ್ಲಿ ಬರೆದಿದ್ದೇನೆ. ನಿನ್ನ ಅಮ್ಮನಿಗೂ ಓದಿ ಹೇಳು. ಅವತ್ತು ಅಂಗಳದಲ್ಲಿ ಕಡ್ಲೆಪುರಿ ತಿನ್ನುತ್ತಿದ್ದವಳು ಅವಳು; ಅವಳಿಗೆ ಗೊತ್ತಿರಬೇಕು.

ಮೇಘನಾ, ಈ ಭಾನುವಾರ ಮಾಸ್ಕನ್ನು ಮತ್ತೆ ತಾ. ಕುಂಕುಮದ ಭರಣಿಯನ್ನೂ ತಾ, ಮಾಸ್ಕಿನ ಪೆಟ್ಟಿಗೆಯ ಮುಚ್ಚಳಕ್ಕೆ ನನ್ನ ಕೈಯಿಂದಲೇ ಇಡುತ್ತೇನೆ. ಆದರೆ ಮೊದಲು ಒಂದು ಮೆತ್ತನೆಯ ಹತ್ತಿ ಬಟ್ಟೆ ಕೊಡು, ಗಾಜನ್ನು ಒರೆಸಬೇಕು. ಒರೆಸಿ ನಿನ್ನ ಮುಖಕ್ಕೆ ನಾನೇ ಹಾಕುತ್ತೇನೆ. ಆಮೇಲೆ ಬಾಗಿಲ ಹತ್ತಿರ ಹೋಗಿ ನಿಂತು ಕೈ ಎತ್ತುತ್ತೇನೆ. ಎಷ್ಟು ಬೆರಳು ಎಂದು ನೀನು ಗಟ್ಟಿಯಾಗಿ ಹೇಳಬೇಕು.